ಹುಳ ಹಣ್ಣಾದ ಶುಕ್ರವಾರ

ಆಗಷ್ಟೇ ಕರಿ ಬಣ್ಣ ಬಳಿದಿದ್ದ ಬೋರ್ಡಿಗೆ ಒರಗಿ ನಿಂತು ನಾನು ಇಪ್ಪತ್ತು ನಿಮಿಷ ನಾಯಕತ್ವದ ಬಗ್ಗೆ ಭಾಷಣ ಮಾಡಿದೆ. ಬಣ್ಣ ಒಣಗಿಲ್ಲ ಎಂಬುದು ಎದುರಿಗಿದ್ದ ಮೂವರು ಸಹೋದ್ಯೋಗಿಗಳಿಗೂ ಗೊತ್ತಿತ್ತಂತೆ. ಮಾತಿನ ಓಘ ಕೆಡಬಾರದೆಂದು ಸುಮ್ಮನಿದ್ದರಂತೆ. "ನಾಯಕನಾದವನು ಸದಾ ಮುಂದೆ ನೋಡುತ್ತಿರಬೇಕು" ಎಂದು ಮುಗಿಸಿ ತಿರುಗಿದೆ. ನನ್ನ ಬಿಳಿ ಅಂಗಿಯ ಬೆನ್ನು ಬೋರ್ಡಾಗಿತ್ತು. ಬೋರ್ಡಿನಲ್ಲಿ ನನ್ನ ಬೆನ್ನಿನಗಲದ ಜಾಗ ಬೋಳಾಗಿತ್ತು.

"ಅಂಗಿ ಬುಡಿ ಮೇಷ್ಟ್ರೇ, ಓದ್ರೆ ಓಗ್ಲಿ. ಬೋರ್ಡು ಕಮಿಟಿಗೆ ಬೇಕಾಗಿತ್ತು" ಎಂದರು ಪ್ರಿನ್ಸಿಪಾಲ್ ವೃಷಭೇಂದ್ರಪ್ಪ. ಅದನ್ನು ಬಳಿದವರು ಅವರೇ.

ಇದು 2002ರ ಜುಲೈ ಮಾತು. ಹನೂರಿನಾಚೆ, ಲೊಕ್ಕನಹಳ್ಳಿ ರಸ್ತೆಯಲ್ಲಿದ್ದ ನಮ್ಮದು ನಾಲ್ಕು ಕೋಣೆಯ ಬಿ.ಎ. ಕಾಲೇಜು. ಬದಲಾಗುತ್ತಿರುವ ಕಾಲದಲ್ಲಿ ಪ್ರಾಂಶುಪಾಲರು ಹೇಗೆ ಮುನ್ನಡೆಸಬೇಕೆಂದು ಮೈಸೂರಿನಲ್ಲಿ ಮೂರು ದಿನ ತರಬೇತಿ ಇಟ್ಟಿದ್ದರು. ಹೋಗಬೇಕಾದವರು ಅವರು. "ನಾನು ಮೈಸೂರ್ಗೋದ್ರೆ ಬೆಲ್ಲು ಹೊಡಿಯೋರ್ಯಾರು?" ಎಂದು ನನ್ನನ್ನು ಅಟ್ಟಿದ್ದರು. ನಾನು ಒಂದು ಚೀಲ, ಒಂದು ಪೆನ್ನು ಮತ್ತು ಎರಡು ಕಿಲೋ ಆತ್ಮವಿಶ್ವಾಸದೊಂದಿಗೆ ಮರಳಿದ್ದೆ.

ವೃಷಭೇಂದ್ರಪ್ಪ ಯಳಂದೂರು ಕಡೆಯವರು. 1984ರಲ್ಲಿ ಆರು ತಿಂಗಳ ಮಟ್ಟಿಗೆಂದು ಪ್ರಭಾರ ಪ್ರಿನ್ಸಿಪಾಲರಾಗಿ ಬಂದರು. ಹದಿನೆಂಟು ವರ್ಷವಾದರೂ ಅವರ ಬಾಗಿಲ ಹಲಗೆಯಿಂದ 'ಪ್ರಭಾರ' ಎಂಬುದನ್ನು ಅಳಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಬಂದ ವರ್ಷ ಕಾಲೇಜಿನಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಅವರು ಸೈಕಲ್ ಹತ್ತಿ ಶಾಗ್ಯದವರೆಗೆ ಮನೆಮನೆ ಸುತ್ತಿದರು. ರೇಷ್ಮೆ ಹುಳ ಸಾಕುವ ಚಿಕ್ಕಬಸಮ್ಮ ಬಾಗಿಲಲ್ಲೇ ಕೇಳಿದ್ದಳಂತೆ:

"ಓದ್ಸೋದೇನೋ ಸರಿ ಸಾ. ಹುಳ ಹಣ್ಣಾದಾಗ ಬುಡ್ಸೋರ್ಯಾರು?"

ಸೊಪ್ಪು ತಿಂದು ಮುಗಿಸಿದ ಹುಳ ಹಳದಿ ತಿರುಗುವುದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಅದೇ ದಿನ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಿಂಗಳ ದುಡಿಮೆ ಮಣ್ಣು. ಮನೆಯ ಅಷ್ಟೂ ಕೈ ಬೇಕು.

ವೃಷಭೇಂದ್ರಪ್ಪ ಅಲ್ಲೇ ಕಾನೂನು ಮಾಡಿದರು: "ಹುಳ ಹಣ್ಣಾದ ದಿನ ರಜ. ಅರ್ಜಿ ಬ್ಯಾಡ, ಕಾರಣ ಬ್ಯಾಡ."

ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲದ ಈ ರಜೆಯಿಂದ ಚಿಕ್ಕಬಸಮ್ಮನ ದೊಡ್ಡ ಮಗಳು ಯಶೋದ ಮೊದಲು ಬಂದಳು. ನಾನು ಹೇಳುತ್ತಿರುವ ಆ ವರ್ಷ ಕೊನೆಯವಳು ಪುಷ್ಪ ಓದುತ್ತಿದ್ದಳು, ಅರವತ್ತೆಂಟು ಮಕ್ಕಳಲ್ಲಿ ನಲವತ್ತೊಂದು ಹುಡುಗಿಯರಿದ್ದರು.

ಬೋರ್ಡಿಗೆ ಬಣ್ಣ ಬಳಿಸಿದ ಕಾಗದ ಬಂದದ್ದು ಆಗ. ಆಗಸ್ಟಿನ ಒಂದು ಸೋಮವಾರ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುತ್ತದೆ. ಅಂದು ತರಗತಿಯಲ್ಲಿ ನಲವತ್ತು ಮಂದಿ ಕೂತಿರದಿದ್ದರೆ ಬಿ.ಎ. ಬಂದ್. ಆಮೇಲೆ ಓದು ಬೇಕೆಂದರೆ ಕೊಳ್ಳೇಗಾಲ. ದಿನಾ ಅಲ್ಲಿಯ ಬಸ್ಸಿಗೆ ಮಗಳನ್ನು ಹತ್ತಿಸುವ ಮನೆ ಆ ಸುತ್ತಿನಲ್ಲಿ ನಾಲ್ಕೂ ಇರಲಿಲ್ಲ. ನಮ್ಮಲ್ಲೋ, ಯಾವ ದಿನ ಎಣಿಸಿದರೂ ತಮ್ಮ ಮನೆಯದೋ ಪಕ್ಕದ ಮನೆಯದೋ ಹುಳ ಹಣ್ಣಾಗಿ ಮೂವತ್ತು ಮಂದಿ ರಜೆಯಲ್ಲಿರುತ್ತಿದ್ದರು.

ನನ್ನ ತರಬೇತಿ ಕೆಲಸಕ್ಕೆ ಬಂದದ್ದು ಇಲ್ಲೇ. "ನಾಯಕನಾದವನು ಎಲ್ಲರನ್ನೂ ಒಂದೇ ಹೆಜ್ಜೆಗೆ ತರಬೇಕು ಸಾರ್. ಎಲ್ಲ ಮನೆಯವರೂ ಒಂದೇ ದಿನ ಮೊಟ್ಟೆ ಒಡೆಸಿ ಹುಳ ಎಬ್ಬಿಸಲಿ. ಸಮಿತಿ ಬಂದುಹೋದ ಮೇಲೆ, ಅದೇ ವಾರದ ಶುಕ್ರವಾರಕ್ಕೆ, ಎಲ್ಲವೂ ಒಟ್ಟಿಗೆ ಹಣ್ಣಾಗುತ್ತವೆ" ಎಂದೆ.

"ಹುಳಾನೂ ನಿಮ್ಜೊತೆ ಟ್ರೈನಿಂಗಿಗೆ ಬಂದಿದ್ವಾ?" ಎಂದರೇ ಹೊರತು ಬೇರೆ ದಾರಿ ಅವರಿಗೂ ಕಾಣಲಿಲ್ಲ. ಮತ್ತೆ ಸೈಕಲ್ ಹತ್ತಿದರು. ಹದಿನೆಂಟು ವರ್ಷದ ಋಣ. ಒಂದು ಮನೆಯವರೂ ಇಲ್ಲವೆನ್ನಲಿಲ್ಲ.

ಸಮಿತಿ ಬರುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಫೋನು ಬಂತು. ಅಧ್ಯಕ್ಷರಿಗೆ ಸೋಮವಾರ ಅನಾನುಕೂಲ. ಸಮಿತಿ ಶುಕ್ರವಾರ ಬರುತ್ತದೆ.

ಫೋನಿಟ್ಟು ವೃಷಭೇಂದ್ರಪ್ಪ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ನಡೀರಿ" ಎಂದರಷ್ಟೆ.

ಚಿಕ್ಕಬಸಮ್ಮ ಸೊಪ್ಪು ಹಾಕುತ್ತಿದ್ದಳು. ನಾನು ಸೈಕಲ್ ಹಿಡಿದುಕೊಂಡು ನನ್ನ ಕಾಲ್ಬೆರಳುಗಳನ್ನು ಪರೀಕ್ಷಿಸುತ್ತ ನಿಂತೆ.

"ಶುಕ್ರವಾರ ಒಂದೆರಡು ಗಂಟೆ ಪುಷ್ಪನ ಕಳುಸ್ಕೊಡವ್ವ" ಎಂದರು ವೃಷಭೇಂದ್ರಪ್ಪ.

"ಅಯ್ಯೋ ಸಾ, ಮುಂಚೆ ಆಗಿದ್ರೆ ಪಕ್ಕದ್ಮನೆ ಶಿವರತ್ನಮ್ಮನೋರು ಮುಯ್ಯಾಳಿಗೆ ಬರೋರು, ಅವರ ಹುಳಕ್ಕೆ ನಾವು ಓಗೋವು. ಈಗ ಅವರ್ದೂ ಅವತ್ತೇ, ನಮ್ದೂ ಅವತ್ತೇ. ಚಂದ್ರಿಕೆನೂ ಯಾರೂ ಎರವು ಕೊಡಲ್ಲ. ನೀವೇ ತಾನೆ ಒಂದೇ ದಿನ ಮಾಡ್ಸುದ್ದು?"

"ಒಂದ್ ದಿನ ತಡೆಯಕಾಗಲ್ವಾ?"

"ನೀವೇ ಒಳಕ್ ಓಗಿ ಏಳಿ ಸಾ, ಹಣ್ಣಾಗ್ಬ್ಯಾಡಿ ಅಂತ. ಮೇಷ್ಟ್ರ ಮಾತು ಕೇಳುದ್ರೂ ಕೇಳ್ಯಾವು" ಎಂದಳು. ಮತ್ತೊಂದು ಹಿಡಿ ಸೊಪ್ಪು ಹರವಿದಳು. "ಕಾಲೇಜು ಮುಚ್ಚುದ್ರೆ ಇವಳ ಓದು ಮುಗೀತು ಅಂತ ನಂಗೊತ್ತಿಲ್ವಾ ಸಾ? ಆದ್ರೆ ಹುಳ ಕಾಯಕಿಲ್ವಲ್ಲ."

ಇದೇ ಮಾತನ್ನು ನಾವು ಮುಂದೆ ಇಪ್ಪತ್ತಾರು ಮನೆಗಳಲ್ಲಿ ಕೇಳಿದೆವು.

ಶುಕ್ರವಾರ ಹುಳಗಳು ಹೇಳಿದ ಮಾತಿಗೆ ತಪ್ಪದೆ ಹಣ್ಣಾದವು. ಮನೆಯಲ್ಲಿ ಹುಳವಿಲ್ಲದ ಮಕ್ಕಳನ್ನೂ ನೆಂಟರು ಕೂಲಿಗೆ ಎಳೆದೊಯ್ದಿದ್ದರು. ಅಟೆಂಡರ್ ಮಾದಣ್ಣನೂ ನಾಪತ್ತೆ. ವೃಷಭೇಂದ್ರಪ್ಪ ಇಸ್ತ್ರಿ ಅಂಗಿ ತೊಟ್ಟು, ಹತ್ತಕ್ಕೆ ಸರಿಯಾಗಿ ಎಂದಿನಂತೆ ಬೆಲ್ಲು ಹೊಡೆದರು. ಯಾರೂ ಬರಲಿಲ್ಲ.

"ಕಡೇ ಬೆಂಚಲ್ಲಿ ನಾನಾದರೂ ಕೂರಲಾ ಸಾರ್?" ಎಂದೆ.

"ಬ್ಯಾಡಿ. ನಿಮ್ ಬೋಳ್ತಲೆ ಕಂಡ್ರೆ, ಎಷ್ಟು ವರ್ಷದಿಂದ ಫೇಲಾಯ್ತಾವ್ನೆ ಅಂತ ಕೇಳ್ತಾರೆ."

ಹನ್ನೊಂದಕ್ಕೆ ಕಾರು ಬಂತು. ಮೂವರು ಇಳಿದರು. ನಾಲ್ಕೂ ಕೋಣೆ ನೋಡಿದರು, ಮಿರಮಿರ ಮಿಂಚುವ ಬೋರ್ಡು ನೋಡಿದರು, ಖಾಲಿ ಬೆಂಚು ನೋಡಿದರು. ಹುಳದ ವಿಷಯವನ್ನು ನಾನು ಬಿಡಿಸಿ ಹೇಳಲು ಹೋದೆ; ಅಧ್ಯಕ್ಷರು ಕೈಯೆತ್ತಿ ತಡೆದು, ಹಾಜರಾತಿಯ ಕಾಲಮಿನಲ್ಲಿ ಸೊನ್ನೆ ಬರೆದು, ಪೆನ್ನಿನ ಕ್ಯಾಪು ಹಾಕಿದರು. ಆಮೇಲೆ, ಹದಿನೆಂಟು ವರ್ಷ ಆ ಕಾಲೇಜನ್ನು ಹೊತ್ತವರ ಕಡೆ ತಿರುಗಿ ಕೇಳಿದರು:

"ಅಲ್ರೀ, ಈ ಸುತ್ತಿನಲ್ಲಿ ನಿಮ್ಮ ಮಾತನ್ನ ಒಬ್ಬರಾದರೂ ಕೇಳ್ತಾರೇನ್ರಿ?"

ವೃಷಭೇಂದ್ರಪ್ಪ ಖಾಲಿ ಬೆಂಚುಗಳ ಕಡೆ ಕೈ ತೋರಿದರು.

"ಎಲ್ಲಾರೂ ಕೇಳ್ಬುಟ್ರು ಸಾ. ಅದ್ಕೇ ಒಬ್ರೂ ಬಂದಿಲ್ಲ."