ಅತ್ತೆಯ ಕೈಗೇರಿದ ಹಸಿರು ಬಳೆ

ಯಸಳೂರಿನಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದವರು ನಾನು, ನಮ್ಮತ್ತೆ ಮತ್ತು ಅವರ ತಂಗಿ. ಮದುವೆಯಾಗಿ ತಿಂಗಳಾಗಿತ್ತು, ಬಿಎಸ್ಸಿ ನರ್ಸಿಂಗಿನ ಕೊನೆಯ ವರ್ಷ ಬಾಕಿ ಇತ್ತು. ಅಲ್ಲಿ ಬಸ್ಸು ಬದಲಿಸಿ, ಹಾಸನದಲ್ಲಿ ಇಳಿದವಳೇ ಆಸ್ಪತ್ರೆಯ ವಾರ್ಡಿಗೆ ಹೋಗಬೇಕು, ಅಲ್ಲಿ ಬಳೆ ತೊಡುವಂತಿಲ್ಲ. ಹಾಗಾಗಿ ನಿಂತಲ್ಲೇ ಬಳೆ ತೆಗೆಯತೊಡಗಿದೆ.

ಚಿಕ್ಕತ್ತೆ ನನ್ನ ಕೈ ಹಿಡಿದರು. "ಮುತ್ತೈದೆ ಬರಿಗೈಲಿ ಊರು ಬಿಡ್ತಾಳಾ? ಓದಿದ್ದು ಸಾಕು, ಮನೆಗೆ ಕರ್ಕಂಡು ನಡಿಯಕ್ಕ."

ಇನ್ನು ನನ್ನ ಓದು ಅತ್ತೆಯ ಒಂದು ಮಾತಿನ ಮೇಲೆ ನಿಂತಿತ್ತು. ಮಾವ ತೀರಿಕೊಂಡ ಮೇಲೆ ಬಳೆಯನ್ನೇ ತೊಡದ ಅತ್ತೆ, ನನ್ನ ಹಸಿರು ಬಳೆಗಳನ್ನು ಇಸ್ಕೊಂಡು, ಬಸ್ಸಿಗೆ ನಿಂತಿದ್ದ ಅಷ್ಟೂ ಜನರ ಎದುರು ತಮ್ಮ ಕೈಗೆ ಏರಿಸಿಕೊಂಡರು. ಮೆಣಸು ಬಿಡಿಸಿ ಸವೆದ ಕೈ, ಬಳೆಗಳು ಸಲೀಸಾಗಿ ಹೋದವು.

"ಅವಳ ಬಳೆ ಮನೇಲೇ ಇರ್ತವೆ ಕಣೆ, ಇನ್ನೇನು? ನೀ ಬಸ್ ಹತ್ತು ಮಗ."

ಚಿಕ್ಕತ್ತೆ ಗಾಬರಿಯಾಗಿ ಅಕ್ಕನ ಕೈ ಮೇಲೆ ಸೆರಗು ಎಳೆಯಲು ಹೋದರು. ಅತ್ತೆ ಸೆರಗನ್ನು ಹಿಂದಕ್ಕೆ ಸರಿಸಿದರು.

ಪಾಸಾಗಿ ಊರಿಗೆ ಬಂದ ದಿನ, ನನ್ನ ಬಳೆ ಕೊಡಿ ಅತ್ತೆ ಅಂದೆ. ಅವರು ಗೂಡಿನಿಂದ ಹೊಸ ಬಳೆ ತೆಗೆದು ನನಗೆ ತೊಡಿಸಿದರು. ತಮ್ಮ ಕೈಯಲ್ಲಿದ್ದವನ್ನು ತೆಗೆಯಲಿಲ್ಲ.