ಮದ್ದು ಯಾರದ್ದು

ಕುಂಬಳೆ–ಮುಳ್ಳೇರಿಯ ದಾರಿಯಲ್ಲಿ ನಾನು ಖಾಸಗಿ ಬಸ್ಸು ಓಡಿಸುತ್ತಿದ್ದೆ. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಒಂದು ಬೆಳಿಗ್ಗೆ ಏರು ತಿರುವಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಬಸ್ಸನ್ನು ಬದಿಗೆ ನಿಲ್ಲಿಸಿ, ಟಯರ್ ನೋಡುವ ನೆಪದಲ್ಲಿ ಇಳಿದು ಚಕ್ರದ ಪಕ್ಕ ಕುಳಿತುಬಿಟ್ಟೆ. ಆಮೇಲೆ ಅದು ಮತ್ತೆ ಮತ್ತೆ ಬಂತು. ನಿದ್ದೆ ಹೋಯಿತು. ಮಗಳು ಬಳಿಗೆ ಬಂದರೂ ಬೇಡವೆನಿಸುತ್ತಿತ್ತು. ಹೃದಯದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಹೆಂಡತಿಯೇ ಹಠ ಹಿಡಿದು ಮಂಗಳೂರಿನ ಮನೋವೈದ್ಯರೊಬ್ಬರಲ್ಲಿಗೆ ಕರೆದೊಯ್ದಳು.

ಅಲ್ಲಿಂದ ಹೊರಬರುವಾಗ ಬಾಗಿಲಲ್ಲೇ ನಮ್ಮ ಊರಿನವರೊಬ್ಬರು ಸಿಕ್ಕಿದರು. "ಇಲ್ಲಿ ಎಂತ ಮಾರಾಯ?" ಎಂದರು. ಮಂಡೆ ಸರಿಯಿಲ್ಲದ ಡ್ರೈವರನ ಬಸ್ಸಿಗೆ ಯಾರು ಹತ್ತುತ್ತಾರೆ?

"ನನಗೆ ತೋರಿಸ್ಲಿಕ್ಕೆ ಬಂದದ್ದು. ನಿದ್ದೆ ಬರುವುದಿಲ್ಲ," ಎಂದಳು ಹೆಂಡತಿ.

ಆ ಕ್ಷಣ ನನಗೆ ಹಾಯೆನಿಸಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೆನ್ನುನೋವೆಂದು ಬಸ್ಸಿನ ಧಣಿಗಳಿಗೆ ಹೇಳಿ ಕೆಲವು ತಿಂಗಳು ಮನೆಯಲ್ಲಿದ್ದೆ. ಮದ್ದು ಹಿಡಿಯಿತು, ವೈದ್ಯರು ಒಪ್ಪಿದ ಮೇಲೆ ಬಸ್ಸಿಗೆ ಮರಳಿದೆ. ಅಷ್ಟರಲ್ಲಿ ಊರಲ್ಲಿ ಹೆಂಡತಿ 'ಮಂಡೆಗೆ ಮದ್ದು ತಿನ್ನುವವಳು' ಆಗಿದ್ದಳು. ನಾನು ಸುಮ್ಮನಿದ್ದೆ.

ಮುಂದಿನ ವರ್ಷ ನನ್ನ ದೊಡ್ಡಮ್ಮನ ಮನೆಯಲ್ಲಿ ಅವರ ಮೊಮ್ಮಗುವಿನ ನಾಮಕರಣ. ಹೆಂಡತಿ ಮಗುವನ್ನು ಎತ್ತಿಕೊಂಡಳು. ದೊಡ್ಡಮ್ಮ ಓಡಿಬಂದು, "ಇತ್ಲಾಗಿ ಕೊಡು. ನೀನು ಮದ್ದು ತಿನ್ನುವವಳು, ಕೈ ಜಾರಿದ್ರೆ?" ಎಂದು ಮಗುವನ್ನು ತೆಗೆದುಕೊಂಡರು. ಅವಳು ಖಾಲಿ ಕೈಯಲ್ಲಿ ಸೆರಗು ಸರಿಮಾಡಿಕೊಂಡಳು.

"ಮದ್ದು ನನ್ನದು ದೊಡ್ಡಮ್ಮ, ಅವಳದ್ದಲ್ಲ," ಎಂದೆ.

ದೊಡ್ಡಮ್ಮನ ಅಳಿಯ, ನನ್ನ ಭಾವ, ನಕ್ಕರು. "ಗಂಡ ಅಂದ್ರೆ ಹೀಗಿರ್ಬೇಕು. ಹೆಂಡ್ತಿಯನ್ನು ಬಿಟ್ಟುಕೊಡುವುದಿಲ್ಲ ನೋಡಿ!" ಬೆನ್ನು ತಟ್ಟಿದರು. ಉಳಿದವರೂ ನಕ್ಕರು. ನಾನೂ ನಕ್ಕೆ.

ಮನೆಯ ಅಂಗಳಕ್ಕೆ ಬಂದ ಮೇಲೆ ಹೆಂಡತಿ ಹೇಳಿದಳು: "ಅವರು ನಂಬದಿದ್ದದ್ದು ನಿಮ್ಮ ತಪ್ಪಲ್ಲ. ಆದ್ರೆ ನೀವು ಯಾಕೆ ನಕ್ಕದ್ದು?"



ಮುಂದಿನ ರಜೆಯ ದಿನ ಒಬ್ಬನೇ ದೊಡ್ಡಮ್ಮನಲ್ಲಿಗೆ ಹೋದೆ. ಮಾತ್ರೆಗಳನ್ನು ತೋರಿಸಿದೆ. ತಿರುವಿನಲ್ಲಿ ಆದದ್ದು, ಮಂಗಳೂರಿನಲ್ಲಿ ವೈದ್ಯರ ಬಾಗಿಲಲ್ಲಿ ಹೆಂಡತಿ ಆಡಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಅವರು ಮಾತ್ರೆಗಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಗಂಡಸರಿಗೂ ಹೀಗೆ ಆಗ್ತದಾ?"

"ಆಗ್ತದೆ."

"ಹಾಗಾದ್ರೆ ಅವಳಿಗೆ ನಾನು ಎಂತ ಹೇಳ್ಲಿ ಈಗ?"

ಅಂದು ಸಂಜೆ ಅವರು ಹೆಂಡತಿಗೆ ಫೋನ್ ಮಾಡಿದರು. ಇವಳು ಹೆಚ್ಚಾಗಿ ಹೂಂಗುಟ್ಟಿದಳು ಅಷ್ಟೆ. ಫೋನ್ ಇಟ್ಟು, "ದೊಡ್ಡಮ್ಮ ಅತ್ತರು," ಎಂದಳು.

"ನಿನಗೆ ನನ್ನ ಮೇಲೆ ಕೋಪ ಉಂಟಾ?"

"ಉಂಟು," ಎಂದು ಹೇಳಿ, ಊಟಕ್ಕೆ ಬಟ್ಟಲಿಟ್ಟಳು.