ಶಿವರುದ್ರಮ್ಮ ಕೋಳಿ ಸಾಕಿದ್ದು

ರಾವಂದೂರಿನಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಕೆರೆ ಏರಿ ದಾಟಿದ ಮೇಲೆ ಸಿಗುವ ಮೊದಲ ಹಂಚಿನ ಮನೆ ಶಿವರುದ್ರಮ್ಮನದು. ಆ ಮನೆಯಲ್ಲಿ ಯಾವ ಕಾಲದಲ್ಲೂ ಕೋಳಿ ಸಾಕಿದವರಿಲ್ಲ. ಲಿಂಗ ಕಟ್ಟಿದ ಮನೆತನ. ಮೊಟ್ಟೆಯ ಮಾತು ಕೂಡ ಅಡಿಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಆಚೆ ಬೀದಿಯ ಕೋಳಿಯೊಂದು ತಪ್ಪಿ ಜಗಲಿ ಹತ್ತಿದರೆ, ಅತ್ತೆ ಬದುಕಿದ್ದಾಗ ಜಗಲಿಯನ್ನೆಲ್ಲ ಸಗಣಿ ಹಾಕಿ ಸಾರಿಸಬೇಕಿತ್ತು. ಸಾರಿಸುತ್ತಿದ್ದವಳು ಶಿವರುದ್ರಮ್ಮನೇ.

ಸೊಸೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಬಾಯಿಲ್ಲದ ಹುಡುಗಿ ಅಂತ ಹೆಸರಿತ್ತು. ಆ ಹೆಸರು ಹೆಚ್ಚು ಕಾಲ ಉಳಿಯಲಿಲ್ಲ. ಗಂಡ ಮಹದೇವಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದ. ಸೊಪ್ಪು ಬೇಯಿಸಲು ಹಿತ್ತಲಲ್ಲಿ ಬ್ಯಾರನ್ನು ಅನ್ನುವ ಎತ್ತರದ ಗೋಡೆಯ ಕೋಣೆ ಕಟ್ಟಿಸಿದ್ದ. ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಲು ಆಚೆ ಬೀದಿಯ ಹೆಂಗಸರು ಬರುತ್ತಿದ್ದರು. ಮನೆ ಸೊಸೆ ಕೂಲಿಯವರ ಜೊತೆ ಚಾಪೆ ಮೇಲೆ ಕೂರಬಾರದು ಅಂತ ಅತ್ತೆ ಕಟ್ಟುಮಾಡಿದರು. ಮಾರನೆಯ ದಿನವೇ ಶಿವರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಚಾಪೆಯ ನಡುವೆ ಹೋಗಿ ಕೂತಳು. ಪಕ್ಕದಲ್ಲಿ ಕೂತಿದ್ದವಳು ಕುಳ್ಳಮ್ಮ. ಅವತ್ತಿನಿಂದ ಇಬ್ಬರೂ ವರ್ಷಾನುವರ್ಷ ಅದೇ ಜಾಗದಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತು ಸೊಪ್ಪು ವಿಂಗಡಿಸಿದರು. ಹೆರಿಗೆ, ಕಾಯಿಲೆ, ಸಾವು ಎಲ್ಲವನ್ನೂ ಅಲ್ಲೇ ಮಾತಾಡಿಕೊಂಡರು.

ಮಹದೇವಪ್ಪನ ಮಂಡಿ ಕೆಟ್ಟ ಮೇಲೆ ಹೊಗೆಸೊಪ್ಪು ನಿಂತಿತು. ಹೊಲಕ್ಕೆ ಜೋಳ ಬಂತು, ಬ್ಯಾರನ್ನು ಖಾಲಿ ಬಿತ್ತು. ಕುಳ್ಳಮ್ಮ ಮಾತ್ರ ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಹಿತ್ತಲ ಬಾಗಿಲಿಗೆ ಬಂದು ಹೋಗುತ್ತಿದ್ದಳು.

ಕುಳ್ಳಮ್ಮನದು ಚೂರು ಜಮೀನು. ರಾಗಿ ಕುಯ್ಲು ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಕೊಡಗಿನ ತೋಟಕ್ಕೆ ಕಾಫಿ ಕುಯ್ಯಲು ಹೋಗಿ, ಬೇಸಿಗೆ ಹತ್ತಿರವಾದಾಗ ತಿರುಗಿ ಬರುವುದು ವಾಡಿಕೆ. ಅಲ್ಲಿಯವರೆಗೆ ಮನೆಯ ಕೋಳಿಗಳನ್ನು ಅವಳ ಅತ್ತೆ ನೋಡಿಕೊಳ್ಳುತ್ತಿದ್ದಳು. ಈ ಸಲ ಆ ಮುದುಕಿ ತೀರಿಹೋಗಿದ್ದಳು. ಮಗಳು ಸೌಂದರ್ಯ ಕೋಟೆ ತಾಲ್ಲೂಕಿನ ಕಡೆ ಗಂಡನ ಮನೆಯಲ್ಲಿದ್ದಳು, ಅವಳಿಗೆ ಬಂದಿರಲು ಆಗುವಂತಿರಲಿಲ್ಲ. ಮನೆಗೆ ಬೀಗ ಹಾಕಿ ಹೋದರೆ ಕೋಳಿ ಒಂದೂ ಉಳಿಯುವುದಿಲ್ಲ, ಅದರಲ್ಲೂ ಒಂದು ಹ್ಯಾಟೆ ಕೋಳಿ ಮೊಟ್ಟೆಗಳ ಮೇಲೆ ಕಾವಿಗೆ ಕೂತುಬಿಟ್ಟಿದೆ ಅಂತ ಕುಳ್ಳಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಹೇಳಿಕೊಂಡಳು. ಅವಳೇನೂ ಕೇಳಿರಲಿಲ್ಲ. ಶಿವರುದ್ರಮ್ಮನೇ ಬ್ಯಾರನ್ನು ಖಾಲಿ ಇದೆಯಲ್ಲ, ಅಲ್ಲಿಗೆ ತಂದು ಬಿಡು ಅಂದಳು.

ಕುಳ್ಳಮ್ಮ ಗಾಬರಿಯಾದಳು. "ನಿಮ್ಮನೇಲಿ ಬ್ಯಾಡ ಕಣಕ್ಕ. ಸುಮ್ಕೆ ಮಾತು ಬತ್ತದೆ."

"ಬಂದ್ರೆ ನನ್ ತಾವಕ್ಕೆ ತಾನೆ ಬರೋದು? ತಗಂಡ್ ಬಾ."

ಹೀಗೆ ಮೂರ್ನಾಲ್ಕು ನಾಟಿ ಹ್ಯಾಟೆ, ಕೆಂಪು ಹುಂಜ, ಒಂದು ಜೋಡಿ ಬಾತುಕೋಳಿ, ಕುಳ್ಳಮ್ಮನ ಅಳಿಯ ತಂದುಕೊಟ್ಟ ಟರ್ಕಿ ಕೋಳಿ, ಕಾವಿಗೆ ಕೂತ ಹ್ಯಾಟೆಯ ಸಮೇತ ಬಿದಿರಿನ ಮಂಕರಿ, ಎಲ್ಲವೂ ಒಂದು ಬೆಳಗ್ಗೆ ಹಿತ್ತಲಿಗೆ ಬಂದವು. ಮಹದೇವಪ್ಪ ಪೂಜೆ ಮುಗಿಸಿ ವಿಭೂತಿಯ ಹಣೆಯಲ್ಲೇ ಹೊರಗೆ ಬಂದು ನೋಡಿದ. ಕುಳ್ಳಮ್ಮ ತಿರುಗಿ ಬಂದ ದಿನವೇ ಇವು ಹೋಗಬೇಕು ಅಂದ. ಹೋಗುತ್ತವೆ ಬಿಡಿ ಅಂದಳು ಹೆಂಡತಿ.

ಮರಿಗಳು ಒಡೆದು ಬಂದಾಗ ಶಿವರುದ್ರಮ್ಮನಿಗೆ ಕೋಳಿಯ ವಿಷಯ ಒಂದಕ್ಷರ ಗೊತ್ತಿರಲಿಲ್ಲ. ತಾಯಿ ಇದೆಯಲ್ಲ, ನೋಡಿಕೊಳ್ಳುತ್ತದೆ ಅಂತ ಮಂಕರಿ ಎತ್ತಿ ಮರಿಗಳನ್ನು ಹಿತ್ತಲಿಗೆ ಬಿಟ್ಟಳು. ನುಚ್ಚು ಚೆಲ್ಲಿದಳು. ನುಚ್ಚಿಗೆ ಎಲ್ಲವೂ ಒಟ್ಟಿಗೆ ಮುಗಿಬಿದ್ದವು. ಮುದಿ ಹ್ಯಾಟೆಯೊಂದು ಅಡ್ಡ ಬಂದ ಮರಿಯ ನೆತ್ತಿಗೆ ಕುಕ್ಕಿತು. ತಾಯಿ ಹ್ಯಾಟೆ ಅದರ ಮೇಲೆ ಹಾರಿಬಿದ್ದಾಗ ಉಳಿದ ಮರಿಗಳು ಟರ್ಕಿಯ ಕಾಲಡಿಗೆ ಸಿಕ್ಕವು. ಶಿವರುದ್ರಮ್ಮ ಪೊರಕೆ ಹಿಡಿದು ಓಡಿ ಬರುವಷ್ಟರಲ್ಲಿ ಕುಕ್ಕಿಸಿಕೊಂಡ ಮರಿ ಮಣ್ಣಿನಲ್ಲಿ ಕಾಲು ಚಾಚಿತ್ತು. ಅಂಗೈಯಲ್ಲಿ ಎತ್ತಿಕೊಂಡಳು. ಒಂದು ಹಿಡಿ ಹತ್ತಿಯಷ್ಟೂ ಭಾರವಿರಲಿಲ್ಲ. ಇನ್ನೊಬ್ಬರು ನಂಬಿ ಬಿಟ್ಟುಹೋದದ್ದನ್ನು ಕೈಯಾರೆ ಕೊಂದೆನಲ್ಲ ಅಂತ ಅವತ್ತು ಅವಳಿಗೆ ಊಟ ಸೇರಲಿಲ್ಲ.

ಫೋನಿನಲ್ಲಿ ಕುಳ್ಳಮ್ಮ ಬೈಯಲಿಲ್ಲ. ಮರಿಗಳಿಗೆ ಬೇರೆ ಜಾಗ ಮಾಡಬೇಕು, ಆದರೆ ದೊಡ್ಡವುಗಳ ಕಣ್ಣಿಗೆ ಬೀಳುತ್ತಿರಬೇಕು, ಇಲ್ಲದಿದ್ದರೆ ಮುಂದೆ ಸೇರಿಸಿಕೊಳ್ಳುವುದಿಲ್ಲ ಅಂದಳು. ಬ್ಯಾರನ್ನಿನ ಮೂಲೆಯಲ್ಲಿ ಸೊಪ್ಪು ಕಟ್ಟುತ್ತಿದ್ದ ಕಡ್ಡಿಗಳು ರಾಶಿ ಬಿದ್ದಿದ್ದವು. ಅವನ್ನು ಕತ್ತರಿಸಿ, ಮರಿ ಮಾತ್ರ ತೂರುವಷ್ಟು ಸಂದು ಬಿಟ್ಟು, ನೆಲಕ್ಕೆ ಸಾಲಾಗಿ ನೆಟ್ಟು ಶಿವರುದ್ರಮ್ಮ ಒಂದು ಬೇಲಿ ಕಟ್ಟಿದಳು. ಒಳಗೆ ಮರಿಗಳಿಗೆ ನುಣ್ಣಗಿನ ನುಚ್ಚು. ಬಾತುಕೋಳಿಗಳು ನೀರನ್ನೆಲ್ಲ ಕೆಸರು ಮಾಡುತ್ತಿದ್ದರಿಂದ ನೀರೂ ಒಳಗೇ. ಮರಿ ಬಿದ್ದು ನೆನೆಯದಂತೆ ತಟ್ಟೆಯಲ್ಲಿ ಕಲ್ಲು ಹರಳು. ಹೊರಗೆ ದೊಡ್ಡ ಕೋಳಿ ಯಾವುದಾದರೂ ಅಟ್ಟಿಸಿಕೊಂಡು ಬಂದರೆ ಮರಿಗಳು ಸಂದಿನಲ್ಲಿ ತೂರಿ ಒಳಗೆ ಸೇರುತ್ತಿದ್ದವು. ಮುದಿ ಹ್ಯಾಟೆ ಕಡ್ಡಿಯ ಆಚೆ ನಿಂತು ಗೊಣಗುತ್ತಿತ್ತು. ಹೊಲದಿಂದ ಬರುವಾಗ ಶಿವರುದ್ರಮ್ಮ ಗೆದ್ದಲು ಹತ್ತಿದ ಕಟ್ಟಿಗೆ ಚೂರು ತಂದು ಒಳಗೆ ಕೊಡವುತ್ತಿದ್ದಳು. ಮರಿಗಳು ಅವಳ ಹೆಜ್ಜೆ ಸದ್ದಿಗೇ ಓಡಿ ಬರತೊಡಗಿದವು.

ಹೀಗೆ ಎಲ್ಲ ಸರಿಯಾಯಿತು ಅನ್ನುವಾಗ ಬೀದಿ ನಾಯಿಯೊಂದು ಹಿತ್ತಲ ಬೇಲಿ ನುಸುಳಿ ತಾಯಿ ಹ್ಯಾಟೆಯನ್ನು ಹಿಡಿದುಕೊಂಡು ಹೋಯಿತು. ಮರಿಗಳಿಗಿನ್ನೂ ರೆಕ್ಕೆಯ ಗರಿ ಬಲಿತಿರಲಿಲ್ಲ. ಧನುರ್ಮಾಸದ ಚಳಿ. ಸಂಜೆಯಾಗುತ್ತಲೇ ಒಂದರ ಮೇಲೊಂದು ಬಿದ್ದು ನಡುಗತೊಡಗಿದವು. ಬ್ಯಾರನ್ನಿಗೆ ಕರೆಂಟು ಇರಲಿಲ್ಲ. ಶಿವರುದ್ರಮ್ಮ ಮಂಕರಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಯೊಳಗೆ ನಡೆದಳು. ನಡುಮನೆ ದಾಟಿ, ದೇವರ ಕೋಣೆಯ ಮುಂದೆಯೇ ಹಾದು, ಬಚ್ಚಲಿನ ಹಂಡೆ ಒಲೆಯ ಪಕ್ಕ ಇಟ್ಟಳು. ಒಲೆಯ ಕಾವಿಗೆ ಮರಿಗಳ ಕಿರುಚಾಟ ಮೆಲ್ಲಗೆ ನಿಂತಿತು.

ಮಹದೇವಪ್ಪ ಬಾಗಿಲಲ್ಲಿ ನಿಂತಿದ್ದ. ಹಿತ್ತಲು ಬೇರೆ, ಮನೆಯೊಳಗು ಬೇರೆ ಅಂದ. ಅವು ಸತ್ತರೆ ಪೂಜೆಗೆ ಕೂತಾಗ ನನಗೆ ಅದೇ ಕಣ್ಣ ಮುಂದೆ ಬರುತ್ತದೆ, ನಿಮಗೆ ಬರುವುದಿಲ್ಲವಾ ಅಂತ ಶಿವರುದ್ರಮ್ಮ ಕೇಳಿದಳು. ಅವನು ಹೋಗಿ ಮಲಗಿದ. ಮಾರನೆಯ ದಿನದಿಂದ ಸ್ನಾನದ ನೀರನ್ನು ಹೊರಗೆ ಕಾಯಿಸಿಕೊಂಡ.

ಮರಿಗಳಿಗೆ ಕೊಕ್ಕರೆ ರೋಗ ಬರದಂತೆ ಲಸಿಕೆಯ ಹನಿ ಹಾಕಿಸಲೇಬೇಕು ಅಂತ ಕುಳ್ಳಮ್ಮ ಹೇಳಿದ್ದಳು. ಶಿವರುದ್ರಮ್ಮ ಮಂಕರಿಗೆ ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ರಾವಂದೂರಿನ ದನದ ಆಸ್ಪತ್ರೆಗೆ ಹೋದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ತೊಡೆಯ ಮೇಲೆ ಚಿಂವ್ ಚಿಂವ್. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೆಂಟರ ಪೈಕಿಯ ಹೆಂಗಸೊಬ್ಬಳು ಯಾರದಮ್ಮ ಇವು ಅಂತ ಮೆಲ್ಲಗೆ ಕೇಳಿದಳು. ಬೇರೆಯವರದು ಅಂತ ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ. ಆದರೆ ಆ ಪಿಸುದನಿ ಶಿವರುದ್ರಮ್ಮನಿಗೆ ಹಿಡಿಸಲಿಲ್ಲ.

"ನನ್ವೇ," ಅಂದಳು, ಡ್ರೈವರಿಗೂ ಕೇಳುವಂತೆ.

ಆ ಮಾತು ಅವಳಿಗಿಂತ ಮೊದಲೇ ಸೋಮಶೇಖರನ ಅಂಗಡಿ ಸೇರಿತು. ಸೋಮಶೇಖರ್ ಮಹದೇವಪ್ಪನ ತಮ್ಮ, ರಾವಂದೂರಿನಲ್ಲಿ ದಿನಸಿ ಅಂಗಡಿ ಇಟ್ಟವನು, ಕುಲಸ್ಥರ ನಡುವೆ ಮಾತು ನಡೆಯುವ ಮನುಷ್ಯ. ಆ ಭಾನುವಾರವೇ ಬಂದ. ಕೆಟ್ಟವನಲ್ಲ, ಮಹದೇವಪ್ಪನ ಮಂಡಿ ಆಪರೇಶನ್ನಿಗೆ ಆಸ್ಪತ್ರೆಯಲ್ಲಿ ಜೊತೆಗಿದ್ದವನು ಅವನೇ. ಹಿತ್ತಲಿಗೆ ಕಾಲಿಡದೆ ಅಂಗಳದಲ್ಲೇ ನಿಂತ. ಮುಂದಿನ ತಿಂಗಳು ನಿಮ್ಮ ಮಗಳು ಆಶಾರಾಣಿಯ ಸೀಮಂತ ಇದೇ ಮನೆಯಲ್ಲಿ ನಡೆಯಬೇಕು, ಭೇರ್ಯದಿಂದ ಬೀಗರು ಬರುತ್ತಾರೆ, ಪೂಜೆಗೆ ಅಯ್ಯನವರು ಬರುತ್ತಾರೆ, ಈ ಸದ್ದು ಕೇಳಿಕೊಂಡು ಯಾರು ಎಲೆ ಮುಂದೆ ಕೂರುತ್ತಾರೆ ಅಂತ ಕೇಳಿದ. ಆಮೇಲೆ ಶಿವರುದ್ರಮ್ಮನಿಗೆ ನಾಟುವ ಮಾತನ್ನೇ ಎತ್ತಿದ.

"ನೀವು ತಿನ್ನಾಕಿಲ್ಲ, ಸರಿ ಅತ್ಗೆ. ಆದ್ರೆ ಇವು ಕಡೀಗೆ ಹೋಗೋದು ಕತ್ತಿಗೆ ತಾನೆ? ಕತ್ತಿಗೇ ಅಂತ ಸಾಕೋದು ಯಾವ ಧರ್ಮ?"

ಶಿವರುದ್ರಮ್ಮ ಆ ಮಾತನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಅದಕ್ಕೇ ತಡಬಡಾಯಿಸಲಿಲ್ಲ.

"ಕೊಟ್ಗೇಲಿ ಹುಟ್ಟಿದ ಎಮ್ಮೆ ಗಂಡುಗರುಗಳ್ನ ವರ್ಸಾ ವರ್ಸಾ ಹಗ್ಗ ಬಿಚ್ಚಿ ಕೊಟ್ವಲ್ಲ ಸೋಮಶೇಖರ, ಅವು ಎಲ್ಲಿಗೋದೋ? ಒಂದಿನ ಕೇಳಿದ್ವಾ? ಹಾಲು ಕುಡ್ದು ಬಾಯೊರ್ಸ್ಕೊಂಡ್ವಿ. ನಾಳೆ ಏನಾಗ್ತದೋ ನಂಗೊತ್ತಿಲ್ಲ. ಇವತ್ತು ಇವು ನನ್ ಕಾಲ್ ಮುಂದೆ ಉಸಿರಾಡ್ತಾವೆ. ನಾನು ಬುಡಾಕಿಲ್ಲ."

ಸೋಮಶೇಖರ್ ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡುತ್ತಿದ್ದ. ಕೋಳಿ ಹೋಗುವವರೆಗೆ ಈ ಮನೆಯ ನೀರು ಮುಟ್ಟುವುದಿಲ್ಲ ಅಂತ ಹೇಳಿ ಅವನು ಬೈಕು ಹತ್ತಿದ.

ಮೈದುನನ ಮಾತನ್ನು ತಡೆದುಕೊಂಡ ಹೆಂಗಸಿಗೆ ಮಗಳ ಫೋನು ತಡೆಯಲಾಗಲಿಲ್ಲ. ಆಶಾರಾಣಿ ಅಳುತ್ತಿದ್ದಳು. ಒಂದೇ ಒಂದು ದಿನ ಬೇರೆ ಎಲ್ಲಾದರೂ ಬಿಟ್ಟು ಬಾ ಅಮ್ಮ, ಆಮೇಲೆ ತಂದುಕೋ, ನನ್ನ ಅತ್ತೆ ಮನೆಯವರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಬೇಡ ಅಂತ ಬೇಡಿಕೊಂಡಳು. ಬಸುರಿ ಮಗಳು. ಆಗಲಿ ಅಂದುಬಿಡಬೇಕು ಅನ್ನಿಸಿದರೂ ಶಿವರುದ್ರಮ್ಮ ಯೋಚಿಸಿ ಹೇಳುತ್ತೇನೆ ಅಂದು ಫೋನಿಟ್ಟಳು.

ಎರಡು ದಿನ ಅದೇ ಯೋಚನೆ. ಆಚೆ ಬೀದಿಯಲ್ಲಿ ಯಾರ ಮನೆಗೆ ಬಿಟ್ಟರೂ ಇಟ್ಟುಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಮರಿಗಳಿಗೆ ಬಾಲ ಮೂಡಿತ್ತು. ಬಚ್ಚಲು ಬಿಟ್ಟು ಬ್ಯಾರನ್ನಿಗೆ ಹೋಗಿದ್ದವು. ಒಂದು ಮಧ್ಯಾಹ್ನ ನೋಡುತ್ತಾಳೆ, ಪುಂಡು ಮರಿಯೊಂದು ಮುದಿ ಹ್ಯಾಟೆಯ ಎದುರಿಗೇ ಕುತ್ತಿಗೆಗರಿ ಕೆದರಿಕೊಂಡು ನಿಂತಿದೆ. ಹ್ಯಾಟೆ ಒಮ್ಮೆ ಕುಕ್ಕಿತು. ಮರಿ ಹಿಂದಕ್ಕೆ ಹಾರಿ ಮತ್ತೆ ಬಂದು ಅಲ್ಲೇ ನಿಂತಿತು. ಹ್ಯಾಟೆ ಪಕ್ಕಕ್ಕೆ ಸರಿದು ಕೆದಕತೊಡಗಿತು. ಶಿವರುದ್ರಮ್ಮ ಒಳಗೆ ಬಂದು ಮಗಳಿಗೆ ಫೋನು ಮಾಡಿದಳು. ಒಂದು ದಿನ ಬಚ್ಚಿಟ್ಟರೆ ಇಷ್ಟು ದಿನ ಮಾಡಿದ್ದೆಲ್ಲ ಕಳ್ಳತನ ಆಗುತ್ತದೆ, ನಾನು ಕದ್ದು ಏನೂ ಮಾಡಿಲ್ಲ ಅಂದಳು. ಆಶಾರಾಣಿ ಫೋನು ಕಡಿದಳು.

ಸೀಮಂತದ ದಿನ ಚಪ್ಪರ ಹಾಕಿದರು, ತೋರಣ ಕಟ್ಟಿದರು. ಹುಂಜ ತನ್ನ ಪಾಡಿಗೆ ಕೂಗಿತು. ಅಯ್ಯನವರು ಬಂದು ಪೂಜೆ ಮಾಡಿಸಿದರು. ಹಿತ್ತಲ ಕಡೆ ಒಂದು ಸಲ ನೋಡಿದರು. ಸೋಮಶೇಖರನ ಮನೆಯವರು ಬಂದು, ಆಶಾರಾಣಿಗೆ ಬಳೆ ತೊಡಿಸಿ, ಊಟದ ಹೊತ್ತಿಗೆ ಸರಿಯಾಗಿ ಎದ್ದು ಹೋದರು. ಅವರ ಹಿಂದೆ ಇನ್ನೂ ಕೆಲವರು ಚಪ್ಪಲಿ ಹಾಕಿಕೊಂಡರು. ಹಾಕಿದ ಎಲೆಗಳು ಸಾಲಿನ ತುದಿಯಲ್ಲಿ ಖಾಲಿ ಉಳಿದವು. ಬೀಗಿತ್ತಿ ಮಲ್ಲಾಜಮ್ಮ ಆ ಖಾಲಿ ಎಲೆಗಳನ್ನೂ ಶಿವರುದ್ರಮ್ಮನ ಮುಖವನ್ನೂ ನೋಡಿ, ತಮ್ಮ ಎಲೆಯ ಮುಂದೆ ಕೂತರು. ಅವರ ಗಂಡ ನೀರು ಮಾತ್ರ ಕುಡಿದರು. ಶಿವರುದ್ರಮ್ಮ ಸಾಲಿನ ಉದ್ದಕ್ಕೂ ಹೋಳಿಗೆ ಬಡಿಸಿದಳು. ಎಲ್ಲ ಹೋದ ಮೇಲೆ ಬಚ್ಚಲಿಗೆ ಹೋಗಿ, ಮುಖಕ್ಕೆ ನೀರೆರಚಿಕೊಳ್ಳುತ್ತ ಅತ್ತಳು. ಆಮೇಲೆ ಉಳಿದ ಅನ್ನ ಒಯ್ದು ಕೋಳಿಗಳಿಗೆ ಹಾಕಿದಳು.

ಬೇಸಿಗೆ ಹೊತ್ತಿಗೆ ಕುಳ್ಳಮ್ಮ ಬಂದಳು. ದಾರಿಯಲ್ಲೇ ಎಲ್ಲ ಕೇಳಿಕೊಂಡು ಬಂದಿದ್ದಳು, ಮುಖ ಸಣ್ಣಗಾಗಿತ್ತು. ನನ್ನಿಂದ ನಿಮ್ಮ ಮನೆ ಒಡೆಯಿತು ಅಂತ ಹೇಳಿ, ಆ ಗಳಿಗೆಯೇ ಎಲ್ಲವನ್ನೂ ಹಿಡಿದು ಮಂಕರಿಗೆ ಹಾಕತೊಡಗಿದಳು. ಮಹದೇವಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಹುಂಜ ಹೋಯಿತು, ಹ್ಯಾಟೆಗಳು ಹೋದವು, ಬಾತು ಹೋದವು, ಟರ್ಕಿ ಹೋಯಿತು. ಮರಿಗಳಿಗೆ ಕೈ ಹಾಕಿದಾಗ ಶಿವರುದ್ರಮ್ಮ ಅಡ್ಡ ಬಂದಳು. ಅವು ಈಗ ಮರಿಗಳಾಗಿರಲಿಲ್ಲ, ಹೊಳೆಯುವ ಗರಿಯ ಪಡ್ಡೆ ಕೋಳಿಗಳು.

"ಇವ್ನ ಬುಟ್ಟು ಹೋಗು, ಕುಳ್ಳಮ್ಮ."

"ಸಾಕು ಕಣಕ್ಕ, ನನಗೋಸ್ಕರ ಅಂತ ಎಷ್ಟು ಅನ್ನಿಸ್ಕತೀರಿ."

"ನಿನಗೋಸ್ಕರ ಅನ್ನೋದು ಮುಗೀತು," ಅಂದಳು ಶಿವರುದ್ರಮ್ಮ. "ಇದು ನಂಗೆ ಬೇಕು."

ಕುಳ್ಳಮ್ಮ ಜಗಲಿಯ ಕಡೆ ತಿರುಗಿದಳು. ಕುಳ್ಳಮ್ಮ ಬಂದ ದಿನವೇ ಹೋಗಬೇಕು ಅಂದಿದ್ದ ಮಹದೇವಪ್ಪ ಈಗ ಆ ಮಾತು ಎತ್ತಲಿಲ್ಲ. ಬಚ್ಚಲಿಗೆ ಮಾತ್ರ ಇನ್ನು ತರಬೇಡ, ಬ್ಯಾರನ್ನಿಗೆ ಒಂದು ಬಲ್ಬು ಎಳೆಸಿಕೊಡುತ್ತೇನೆ ಅಂದ. ಅದು ಒಪ್ಪಿಗೆಯೋ ಸೋಲೋ ಅಂತ ಶಿವರುದ್ರಮ್ಮ ಕೇಳಲು ಹೋಗಲಿಲ್ಲ.

ಆಶಾರಾಣಿ ಬಾಣಂತನಕ್ಕೆ ಬಂದಳು. ಒಂದು ವಾರ ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದಳು, ಆಮೇಲೆ ಸರಿಹೋದಳು. ಸೋಮಶೇಖರ್ ಈಗಲೂ ಬರುತ್ತಾನೆ. ರಸ್ತೆಯಲ್ಲೇ ಬೈಕು ನಿಲ್ಲಿಸಿ ಅಣ್ಣನನ್ನು ಕೂಗಿ ಕರೆದು ಮಾತಾಡಿ ಹೋಗುತ್ತಾನೆ. ಶಿವರುದ್ರಮ್ಮ ಮಾತ್ರ ಹಬ್ಬಕ್ಕೆ ಅವನ ಮನೆಗೆ ತಪ್ಪದೆ ಹೋಗುತ್ತಾಳೆ. ಎಲ್ಲರ ನಡುವೆ ಕೂತು, ಎಲೆಯಲ್ಲಿ ಏನೂ ಬಿಡದೆ ಉಂಡು, ತಾಂಬೂಲ ತೆಗೆದುಕೊಂಡು ಬರುತ್ತಾಳೆ. ಅಲ್ಲಿ ಯಾರಾದರೂ ಕೋಳಿ ಇನ್ನೂ ಇದೆಯಾ ಅಂತ ಕೇಳಿದರೆ, ಈಗ ಎರಡು ಹ್ಯಾಟೆ ಕಾವಿಗೆ ಕೂತಿವೆ ಅನ್ನುತ್ತಾಳೆ.